ಮೂವತ್ತಾರು ಗೀರು

ಪಾದೋವಾ, ಇಟಲಿ
ಭಾನುವಾರ, 3 ಮೇ 1998

ಪ್ರೀತಿಯ ದೋಮ್ನಿಕಾ ಅಕ್ಕ,

ನಿನ್ನ ಈಸ್ಟರ್ ಪತ್ರವನ್ನು ನಮ್ಮೂರಿಂದ ಇಲ್ಲಿಗೆ ವ್ಯಾನು ತರುವ ತಿತು ಹೋದ ಭಾನುವಾರ ಕೈಗೆ ಕೊಟ್ಟ. ನಾಲ್ಕು ಪುಟ, ನಾಲ್ಕೂ ಕಹಿ. ಪಂತೆಲಿ ಭಾವ ತೀರಿಕೊಂಡು ಒಂದೂವರೆ ವರ್ಷವಾಯಿತು, ಮನೆಯಲ್ಲಿ ಮಾತಿಗೆ ಜನರಿಲ್ಲ, ಕೋಳಿಗಳಿಗೂ ನಿನ್ನನ್ನು ಕಂಡರೆ ಬೇಸರ, ಬೆಳಿಗ್ಗೆ ಯಾಕೆ ಏಳಬೇಕೆಂದೇ ತಿಳಿಯುವುದಿಲ್ಲ ಎಂದೆಲ್ಲ ಬರೆದಿದ್ದೀಯ. ಅಡುಗೆಮನೆಯಲ್ಲಿ ನಿಂತೇ ಓದಿದೆ. ಮುಂದೆ ಸೂಪಿನ ಪಾತ್ರೆ ಇತ್ತು. ಕಣ್ಣೀರು ಅದರೊಳಗೇ ಬಿತ್ತು.

ಸಿನ್ಯೋರಾ ಒತ್ತಾವಿಯಾ ತಮ್ಮ ಗಾಲಿಕುರ್ಚಿಯ ಚಕ್ರ ತಾವೇ ತಿರುಗಿಸಿಕೊಂಡು ಬಂದರು. ನಾನು ನೋಡಿಕೊಳ್ಳುವ ಈ ಮುದುಕಿ ಎಂಥವರೆಂದು ನಿನಗೆ ಗೊತ್ತಲ್ಲ. ಎಂಬತ್ತೆಂಟು ವರ್ಷ. ನಲವತ್ತು ವರ್ಷ ಶಾಲೆಯ ಮಕ್ಕಳಿಗೆ ಪಾಠ ಹೇಳಿ, ಈಗ ನನಗೆ ಹೇಳುತ್ತಿದ್ದಾರೆ.

"ಯಾರು ತೀರ್ಕೊಂಡ್ರು?" ಎಂದು ಕೇಳಿದರು.

"ಯಾರೂ ಇಲ್ಲ ಸಿನ್ಯೋರಾ. ನಮ್ಮಕ್ಕ ಬದುಕಿದ್ದಾಳೆ. ಅದೇ ಕಷ್ಟ ಅಂತ ಬರ್ದಿದ್ದಾಳೆ."

ಅವರು ನಗಲಿಲ್ಲ. ತಮ್ಮ ನೋಟುಬುಕ್ಕು ತರಿಸಿದರು. ಗಂಡ ಯುದ್ಧದಲ್ಲಿ ಸತ್ತ ವರ್ಷದಿಂದ ಅವರದೊಂದು ಪದ್ಧತಿ ಇದೆ. ಸಂಜೆ ಸೂಪು ಬಾಯಿಗಿಡುವ ಮೊದಲು ಆ ದಿನ ತಮಗಾದ ಮೂರು ಉಪಕಾರಗಳನ್ನು ಬರೆದಿಡುತ್ತಾರೆ. ದೇವರು ಮಾಡಿದ್ದೋ, ಮನುಷ್ಯರು ಮಾಡಿದ್ದೋ, ಬೆಕ್ಕು ಮಾಡಿದ್ದೋ, ಯಾವುದಾದರೂ ಸರಿ. ಒಮ್ಮೆ ಬರೆದದ್ದನ್ನು ಮತ್ತೆ ಬರೆಯುವಂತಿಲ್ಲ. "ಸಂತೋಷ ಬರ್ಲಿ, ಆಮೇಲೆ ಉಪಕಾರ ನೆನೀತೀನಿ ಅಂತ ಕೂತ್ರೆ ಅದು ಬರೋದೇ ಇಲ್ಲ ಕಣಮ್ಮ. ಮೊದ್ಲು ನೀನು ನೆನಿ. ಅದು ತಾನಾಗಿ ಹುಡುಕ್ಕೊಂಡು ಬರುತ್ತೆ" ಎಂದರು.

ಆದ್ದರಿಂದ ಅಕ್ಕ, ಇನ್ನು ಮೇಲೆ ನಮ್ಮಿಬ್ಬರ ಪತ್ರಗಳಲ್ಲೂ ಮೂರು ಉಪಕಾರ ಇರಬೇಕು, ಗೋಳು ಇರಬಾರದು. ನನ್ನಾಣೆ. ನನ್ನ ಮೊದಲ ಮೂರು: ತಿತುವಿನ ವ್ಯಾನು ಬಂತು. ಅದರಲ್ಲಿ ನಿನ್ನ ಅಕ್ಷರ ಇತ್ತು. ಉಪ್ಪಾದ ಸೂಪನ್ನು ಸಿನ್ಯೋರಾ ಒಂದು ಮಾತೂ ಆಡದೆ ಕುಡಿದರು.

ನಿನ್ನ ವೆತುರಿಯಾ


ನುಚೆತ್, ರೊಮೇನಿಯಾ
24 ಮೇ 1998

ವೆತುರಿಯಾ,

ನಿನ್ನ ಅಮ್ಮಾವ್ರಿಗೆ ನನ್ನ ನಮಸ್ಕಾರ. ಎಂಬತ್ತೆಂಟನೆಯ ವಯಸ್ಸಿನಲ್ಲಿ ರೊಮೇನಿಯಾದ ಹೆಣ್ಣುಮಗಳೊಬ್ಬಳು ಸೂಪಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದರೆ ನಾನೂ ದಿನಕ್ಕೆ ಮೂವತ್ತು ಉಪಕಾರ ನೆನೆಯುತ್ತಿದ್ದೆ ಎಂದು ಹೇಳು. ಬೇಡ, ಹೇಳಬೇಡ. ಮುದುಕಿ ನೊಂದುಕೊಂಡಾಳು.

ಆಣೆ ಹಾಕಿದ್ದೀಯಲ್ಲ, ತಗೋ. ಒಂದು, ಬೇಲಿಯಾಚೆಯ ಸಾಫ್ತಾಳಿಗೆ ಕೆಮ್ಮು ಹತ್ತಿ ಮೂರು ದಿನ ಅವಳ ದನಿ ಕೇಳಿಸಲಿಲ್ಲ. ಅವಳ ಅಕ್ರೋಟು ಮರದ ಕೊಂಬೆಯನ್ನು ಪಂತೆಲಿ ಕಡಿದು ಹನ್ನೊಂದು ವರ್ಷವಾಯಿತು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನನ್ನ ವಿಷಯವನ್ನು ತನ್ನ ಹಸುವಿಗೆ ಹೇಳುವುದನ್ನು ಬಿಟ್ಟಿಲ್ಲ. ಎರಡು, ಅಂಚೆ ಕಚೇರಿಯ ಫೋನು ಕೆಟ್ಟು ಕೂತಿದೆ. ಅದು ಸರಿಯಿದ್ದಾಗ ನೀನು ಅಲ್ಲಿಂದ ಒಂದು ಸಲ ಸೀನಿದರೂ ಸಂಜೆಯೊಳಗೆ ಊರೆಲ್ಲ ಬಂದು ನನಗೆ ಕಷಾಯ ಹೇಳಿಕೊಡುತ್ತಿತ್ತು. ಮೂರನೆಯದು ಸಿಗಲಿಲ್ಲ.

ಗೋಳು ಬೇಡ ಎಂದಿದ್ದೀಯ. ಇದು ಗೋಳಲ್ಲ, ಸುದ್ದಿ. ಕೆಳಕೇರಿಯ ಸ್ತಾಂಕಾ ಮುದುಕಿ ಹೋದ ವಾರ ಹೋದಳು. ಮಣ್ಣು ಮಾಡಿ ಬಂದ ಮೇಲೆ, ಅವಳಿಗೆ ನೀರು ಹೊರುವವರು ಯಾರು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಊರಲ್ಲಿ ಈಗ ಹುಡುಗಿಯರೇ ಇಲ್ಲ. ಎಲ್ಲರೂ ನಿನ್ನ ಇಟಲಿಯಲ್ಲಿ ಮುದುಕರ ಬೆನ್ನು ಉಜ್ಜುತ್ತಿದ್ದಾರೆ. ಸ್ತಾಂಕಾ ಬಾಯಾರಿಕೊಂಡೇ ಹೋದಳು.

ಅಮ್ಮ ಹೋದಾಗ ನಿನಗೆ ಹನ್ನೊಂದು ವರ್ಷ. ನಲವತ್ತನಾಲ್ಕು ಬೆಳಿಗ್ಗೆ ಒರತೆಯಿಂದ ಗಡಿಗೆ ತುಂಬಿ ಮನೆಮನೆಗೆ ಹೊತ್ತೆ. ಕುಡಿದವರು "ಹೋದವರಿಗೆ ಮುಟ್ಟಲಿ" ಎನ್ನುತ್ತಿದ್ದರು. ನಾನು ಹೇಝಲ್ ಗಿಡದ ಕೋಲಿನ ಮೇಲೆ ದಿನಕ್ಕೊಂದು ಗೀರು ಹಾಕುತ್ತಿದ್ದೆ. ಮೂವತ್ತೊಂದನೆಯ ದಿನ ನೀನು ಮಂಜಿನಲ್ಲಿ ಜಾರಿ ಬಿದ್ದು ನೀರೆಲ್ಲ ಚೆಲ್ಲಿ, ಅಮ್ಮ ಬಾಯಾರುತ್ತಾಳೆ ಎಂದು ಊರಿಗೆ ಕೇಳುವ ಹಾಗೆ ಅತ್ತೆ. ನಾನು ಸುಮ್ಮನೆ ಆ ದಿನದ ಗೀರನ್ನೂ ಹಾಕಿಬಿಟ್ಟೆ. ಅಮ್ಮನಿಗೆ ಅಲ್ಲಿ ಇವತ್ತಿಗೂ ಒಂದು ದಿನದ ನೀರು ಕಡಿಮೆ.

ನನಗೆ ಮಕ್ಕಳಿಲ್ಲ. ನೀನು ಅಲ್ಲಿ. ಸ್ತಾಂಕಾಳ ಗುಂಡಿಯ ಪಕ್ಕ ನಿಂತಾಗ ಇದೇ ಲೆಕ್ಕ ಹಾಕುತ್ತಿದ್ದೆ.

ದೋಮ್ನಿಕಾ


ಪಾದೋವಾ
21 ಜೂನ್ 1998

ಅಕ್ಕ,

ಎರಡಾದರೂ ಬರೆದೆಯಲ್ಲ. ಅದೂ ಸಾಫ್ತಾಳ ಕೆಮ್ಮು! ಸಾವಿನ ಮಾತು ಬೇಡ. ನಿನಗೆ ಏನಾಗಿದೆ? ಕಲ್ಲಿನ ಹಾಗಿದ್ದೀಯ.

ಸಿನ್ಯೋರಾ ಈಗ ಹೆಚ್ಚು ಮಾತಾಡುವುದಿಲ್ಲ. ಕೆಲಸ ಬಹಳ, ಅದಕ್ಕೇ ಚಿಕ್ಕ ಪತ್ರ. ಆದರೂ ಮೂರನ್ನು ಬಿಡುವುದಿಲ್ಲ. ಬಾಲ್ಕನಿಯ ಕೆಳಗೆ ಮಿಮೋಸಾ ಮರ ತುಂಬ ಹಳದಿ ಹೂ ಬಿಟ್ಟಿದೆ. ಮೀನಿನವನು ಬೆಕ್ಕಿಗೆಂದು ಒಂದು ಮೀನು ಹೆಚ್ಚು ಹಾಕಿದ. ಮೊಣಕಾಲು ಇವತ್ತು ನೋಯಲಿಲ್ಲ.

ನೀನು ಮೂರನೆಯದನ್ನು ಹುಡುಕು. ಸಿಗದಿದ್ದರೆ ಕಣ್ಣು ಸರಿಯಾಗಿ ಬಿಟ್ಟಿಲ್ಲ ಎಂದು ಅರ್ಥ.

ವೆತುರಿಯಾ


ನುಚೆತ್
12 ಜುಲೈ 1998

ವೆತುರಿಯಾ,

ಜೂನಿನಲ್ಲಿ ಮಿಮೋಸಾ ಹೂವೇ? ಅದು ಮಾರ್ಚಿನಲ್ಲಿ ಅರಳುತ್ತದೆ, ಹೆಂಗಸರ ಹಬ್ಬಕ್ಕೆ ಅಲ್ಲಿಯ ಗಂಡಸರು ಕೊಂಬೆ ಮುರಿದು ಕೊಡುತ್ತಾರೆ ಎಂದು ನೀನೇ ಬರೆದಿದ್ದೆ. ನಿನಗೆ ಮೊಣಕಾಲು ನೋವು ಶುರುವಾದದ್ದು ಯಾವಾಗ? ಮೊದಲು ಅದನ್ನು ಹೇಳು.

ಈ ಸಲ ಮೂರೂ ಸಿಕ್ಕಿದವು. ಕಣ್ಣು ಬಿಟ್ಟಿದ್ದೇನೆ ಎಂದು ನಿನ್ನ ಅಮ್ಮಾವ್ರಿಗೆ ತಿಳಿಸು.

ಪಟ್ಟಣದ ಡಾಕ್ಟರಮ್ಮ ನನ್ನ ಎದೆಗೆ ಕೈ ಇಡುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಪಂತೆಲಿ ಕೂಡ ಹಾಗೆ ಮಾಡಿದವನಲ್ಲ.

ದರ್ಜಿ ಎಲ್ವಿರಾ ಕಪ್ಪು ಲಂಗ ಹೊಲಿದು ಕೊಟ್ಟಳು. ಅಳತೆ ಸರಿಯಾಗಿದೆ. ಬಿಳಿ ರವಿಕೆಯ ಜೊತೆ ಮಡಿಸಿ ಪೆಟ್ಟಿಗೆಯ ಮೇಲೆಯೇ ಇಟ್ಟಿದ್ದೇನೆ, ಯಾರಿಗಾದರೂ ಹುಡುಕುವ ಕಷ್ಟ ಬೇಡ.

ಪ್ಲಮ್ ಮರದ ಕೊಂಬೆಗಳು ಈ ವರ್ಷ ಕಾಯಿ ಭಾರಕ್ಕೆ ಕೆಳಗೆ ಬಗ್ಗಿವೆ. ಎಡಗೈಯನ್ನು ಮೇಲೆತ್ತುವ ಕೆಲಸವಿಲ್ಲ.

ದೋಮ್ನಿಕಾ


ಪಾದೋವಾ
2 ಆಗಸ್ಟ್ 1998

ಅಕ್ಕ, ನನ್ನ ಬಂಗಾರದ ಅಕ್ಕ,

ಓದಿ ಕುಣಿದಾಡುವ ಹಾಗಾಯಿತು. ಕೆಮ್ಮನ್ನು ಹೋಗಿ ತೋರಿಸಿಕೊಂಡೆಯಲ್ಲ, ಒಳ್ಳೆಯದಾಯಿತು. ಸಾಫ್ತಾಳಿಂದ ಅಂಟಿಕೊಂಡಿರಬೇಕು. ಡಾಕ್ಟರ ಅಂಗೈಯ ಬಿಸಿಯನ್ನೂ ಗಮನಿಸುವಷ್ಟು ಬದಲಾಗಿದ್ದೀಯ! ಹೊಸ ಲಂಗ ಬೇರೆ! ತಿತುವಿನ ಮಗಳ ಮದುವೆಗೆ ತಾನೇ? ಭಾವ ಹೋದ ಮೇಲೆ ನೀನು ಕನ್ನಡಿ ಮುಂದೆ ನಿಂತದ್ದು ಇದೇ ಮೊದಲು.

ಮಿಮೋಸಾದಲ್ಲಿ ತಡವಾಗಿ ಅರಳುವ ಜಾತಿಯೂ ಇರುತ್ತದೆ. ಮೊಣಕಾಲು ಮೆಟ್ಟಿಲು ಹತ್ತಿ ಹತ್ತಿ ನೋಯುತ್ತಿತ್ತು, ಈಗ ಇಲ್ಲ.

ಇವತ್ತಿನ ಮೂರಕ್ಕೂ ನಿನ್ನ ಪತ್ರವೇ ಸಾಕು.

ವೆತುರಿಯಾ


ನುಚೆತ್
13 ಸೆಪ್ಟೆಂಬರ್ 1998

ವೆತುರಿಯಾ,

ಎರಡು ತಿಂಗಳು ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ.

ಒಂಬತ್ತು ದಿನದಿಂದ ಬೆಳಿಗ್ಗೆ ಒರತೆಗೆ ಹೋಗಿ ಗಡಿಗೆ ತುಂಬಿಕೊಂಡು ದಿನಕ್ಕೊಂದು ಮನೆಗೆ ನೀರು ಕೊಟ್ಟು ಬರುತ್ತಿದ್ದೇನೆ. ಈ ಬೇಸಿಗೆಗೆ ಅರ್ಧ ಊರಿನ ಬಾವಿಗಳ ತಳ ಕಾಣುತ್ತಿದೆ. ಬಲಗೈಯಲ್ಲಿ ಹಿಡಿದು, ದಾರಿಯಲ್ಲಿ ಮೂರು ಕಡೆ ಇಳಿಸಿ ಹೋಗುತ್ತೇನೆ. ಅವಸರವೇನಿದೆ?

ಕುರುಡ ಇಲಾರಿಯೆಯ ಮನೆಗೆ ಹೋದ ದಿನ ಅವನು ಗಡಿಗೆಯ ಹೊಟ್ಟೆ ಸವರಿ, "ಇದು ಕಲ್ಲಿನ ಸಂದಿಯ ಒರತೆ ನೀರು, ಬಾವೀದಲ್ಲ" ಎಂದ. ಕುಡಿದು ಮೀಸೆ ಒರೆಸಿಕೊಂಡು, "ದೋಮ್ನಿಕಾ, ನಿನ್ ಹೆಜ್ಜೆ ಸದ್ದು ಕೇಳಿ ಎದ್ದೆ ಕಣೇ. ಇಲ್ದಿದ್ರೆ ಇವತ್ತು ಏಳೋ ಮನಸ್ಸೇ ಇರ್ಲಿಲ್ಲ" ಎಂದ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬೆಳಿಗ್ಗೆ ಯಾಕೆ ಏಳಬೇಕು ಎಂದು ಈಸ್ಟರಿನಲ್ಲಿ ನಿನಗೆ ಬರೆದವಳು ನಾನೇ ಅಲ್ಲವೇ?

ಪಾದ್ರಿಯ ಹೆಂಡತಿ ಗಡಿಗೆ ಖಾಲಿ ಹೋಗಬಾರದೆಂದು ಸೇಬು ತುಂಬಿ ಕಳಿಸಿದಳು. ಎಲ್ವಿರಾ ಮೆಕ್ಕೆಜೋಳದ ಮುದ್ದೆಯನ್ನು ಒಲೆಯಿಂದ ಇಳಿಸುತ್ತಿದ್ದವಳು, ಹಾಲು ಸುರಿದು ಅಲ್ಲೇ ನಿಲ್ಲಿಸಿಕೊಂಡು ತಿನ್ನಿಸಿದಳು. ಹೋದಲ್ಲೆಲ್ಲ ಒಂದು ಒಳ್ಳೆಯ ಮಾತು. ನನ್ನದೇ ಊರು, ಐವತ್ತಾರು ವರ್ಷ ಇಲ್ಲಿದ್ದೇನೆ, ಇಷ್ಟು ಮನೆಗಳ ಒಳಗನ್ನು ನೋಡಿಯೇ ಇರಲಿಲ್ಲ. ನಿನ್ನ ಅಮ್ಮಾವ್ರು ಹೇಳಿದ್ದು ಸುಳ್ಳಲ್ಲ.

ಮೂರು ಬೇಕೆಂದರೆ ಇದರಲ್ಲೇ ಆರಿಸಿಕೋ. ಈ ಸಲ ಹೆಚ್ಚಾಗಿಯೇ ಇವೆ.

ದೋಮ್ನಿಕಾ


ಪಾದೋವಾ
27 ಸೆಪ್ಟೆಂಬರ್ 1998

ಅಕ್ಕ,

ನಿನ್ನ ಪತ್ರವನ್ನು ಸಿನ್ಯೋರಾಗೆ ಎರಡು ಸಲ ಓದಿ ಹೇಳಿದೆ. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ, ಪೂರ್ತಿ ಕೇಳಿಸಿಕೊಂಡರು. ನಮ್ಮ ಮಾರುಕಟ್ಟೆ ಚೌಕದಲ್ಲಿ ಭಾನುವಾರ ಸೇರುವ ಹೆಂಗಸರಿಗೆಲ್ಲ ಹೇಳಿದೆ. ನಮ್ಮಕ್ಕ ನೋಡಿ, ಬಾಯಾರಿದವರಿಗೆ ನೀರು ಹೊತ್ತು ಹೊತ್ತು ಹೇಗೆ ಅರಳಿದ್ದಾಳೆ ಎಂದೆ. ಎಲ್ಲರೂ ಕಣ್ಣೊರೆಸಿಕೊಂಡರು.

ನನ್ನ ಮೂರು: ಓದಲು ಕನ್ನಡಕ ಸಿಕ್ಕಿತು. ಕಿಟಕಿಯಲ್ಲಿ ಪಾರಿವಾಳ ಮರಿ ಮಾಡಿದೆ. ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಟೋಪಿ ತೆಗೆದು ನಮಸ್ಕರಿಸಿದ.

ಸಾಫ್ತಾಳ ಮನೆಗೂ ಹೋಗು ಅಕ್ಕ. ಹನ್ನೊಂದು ವರ್ಷ ಸಾಲದೇ?

ವೆತುರಿಯಾ


ನುಚೆತ್
4 ಅಕ್ಟೋಬರ್ 1998

ವೆತುರಿಯಾ,

ನಿನಗೆ ಯಾವ ಶಾಲೆಯ ಯಾವ ಹಳೆಯ ವಿದ್ಯಾರ್ಥಿ ಟೋಪಿ ತೆಗೆದನೋ ನನಗೆ ತಿಳಿಯದು. ಇರಲಿ. ಕೈ ಸೋತಿದೆ, ಮೂರನ್ನಷ್ಟೇ ಬರೆಯುತ್ತೇನೆ.

ಒಂದು, ಇಲಾರಿಯೆ ಈಗ ದಿನಾ ಬಾಗಿಲಲ್ಲಿ ಕೂತು ನನ್ನ ಹೆಜ್ಜೆ ಎಣಿಸುತ್ತಾನೆ. ಎರಡು, ಒರತೆಯ ದಾರಿಯ ಬೀಚ್ ಮರಗಳ ಎಲೆಗಳು ಕೆಂಪಾಗಿವೆ, ಪ್ರತಿ ವರ್ಷ ಆಗುತ್ತಿದ್ದವೇನೋ, ನಾನು ನೋಡಿರಲಿಲ್ಲ. ಮೂರು, ಹೇಝಲ್ ಕೋಲು ಗಟ್ಟಿಯದು ಸಿಕ್ಕಿತ್ತು. ಮೂವತ್ತು ಗೀರಾದರೂ ಸೀಳಿಲ್ಲ.

ಸಾಫ್ತಾಳ ಮನೆಯನ್ನು ಕಡೆಯ ದಿನಕ್ಕೆ ಇಟ್ಟುಕೊಂಡಿದ್ದೇನೆ.

ದೋಮ್ನಿಕಾ


ಪಾದೋವಾ
ಗುರುವಾರ, 8 ಅಕ್ಟೋಬರ್ 1998

ಅಕ್ಕ, ಯಾರಿಗೆ?

ಆ ನೀರು ಯಾರಿಗೆ ಹೊರುತ್ತಿದ್ದೀಯ?

ಬಾಯಾರಿದ ನೆರೆಯವರಿಗೆ ನೀರು ಕೊಡುವವರು ಕೋಲಿನ ಮೇಲೆ ಗೀರು ಹಾಕುವುದಿಲ್ಲ. ಗೀರು ಹಾಕುವುದು ಸತ್ತವರಿಗೆ ಮಾತ್ರ. ಭಾವನಿಗೆ ತಿತುವಿನ ಮಗಳು ನಲವತ್ತನಾಲ್ಕೂ ಹೊತ್ತು ಕೋಲನ್ನು ಹೊಳೆಗೆ ಬಿಟ್ಟಾಯಿತು. ಅಮ್ಮನಿಗೆ ನಾನೇ ಹೊತ್ತೆ. ನಮ್ಮ ಮನೆಯಲ್ಲಿ ಇನ್ನು ಯಾರು ಉಳಿದಿದ್ದಾರೆ?

ಮೇ ತಿಂಗಳಿಂದ ಬಂದ ನಿನ್ನ ಪತ್ರಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಮತ್ತೆ ಓದಿದೆ. ಎದೆಗೆ ಕೈಯಿಟ್ಟ ಡಾಕ್ಟರಮ್ಮ. ಯಾರೂ ಹುಡುಕಬೇಕಿಲ್ಲದ ಹಾಗೆ ಪೆಟ್ಟಿಗೆಯ ಮೇಲಿಟ್ಟ ಕಪ್ಪು ಲಂಗ. ಮೇಲೇಳದ ಎಡಗೈ. ನಾನು ಕೆಮ್ಮು ಎಂದೆ, ಮದುವೆ ಎಂದೆ, ಕುಣಿದಾಡುವ ಹಾಗಾಯಿತು ಎಂದೆ. ಚೌಕದಲ್ಲಿ ನಿಂತು ನಿನ್ನ ಸಾವಿನ ನೀರನ್ನು ಹೊಗಳಿದೆ. ಉಪಕಾರದ ವೇಷ ಹಾಕಿ ಇಷ್ಟೆಲ್ಲ ಬರೆದೆಯಲ್ಲ ಅಕ್ಕ, ನಿನಗೆ ಕೈ ಹೇಗೆ ಬಂತು? ಆ ಕೋಲಿನ ಮಾತು ಮರೆತು ಬರೆದೆಯೋ, ಬೇಕೆಂದೇ ಬರೆದೆಯೋ?

ನಾನೂ ಸುಳ್ಳಿ. ಸಿನ್ಯೋರಾ ಜೂನ್ ಹನ್ನೊಂದಕ್ಕೆ ಹೋದರು. ಸೂಪಿನ ಮುಂದೆ, ನೋಟುಬುಕ್ಕು ತೆರೆದಿಟ್ಟು, ಎರಡು ಬರೆದು ಮೂರನೆಯದಕ್ಕೆ ಪೆನ್ನು ಎತ್ತಿದವರು. ಅವರ ಅಣ್ಣನ ಮಗ ಬಂದು ಮನೆಗೆ ಬೀಗ ಹಾಕಿದ. ನಾನು ನೋಟುಬುಕ್ಕುಗಳನ್ನು ಮಾತ್ರ ಕೇಳಿ ತೆಗೆದುಕೊಂಡೆ. ಆಗಿನಿಂದ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಆರು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಅಲ್ಲಿ ಕೂತು ಮೂರು ಹುಡುಕಿದರೆ ನನಗೆ ಒಂದೂ ಸಿಗುತ್ತಿರಲಿಲ್ಲ. ಅದಕ್ಕೇ ಅವರ ನೋಟುಬುಕ್ಕಿನಿಂದ ಕದ್ದು ಕಳಿಸಿದೆ. ಮಿಮೋಸಾ ಅವರದು, ಮೊಣಕಾಲು ಅವರದು, ಟೋಪಿ ತೆಗೆದ ವಿದ್ಯಾರ್ಥಿ ಅವರವನು. ನಿನ್ನ ಪತ್ರವನ್ನು ಅವರಿಗೆ ಓದಿ ಹೇಳಿದೆ ಎಂದೆನಲ್ಲ, ಗೋರಿಯ ಮುಂದೆ ನಿಂತು ಓದಿದೆ.

ಇದನ್ನು ಭಾನುವಾರದವರೆಗೆ ಇಟ್ಟುಕೊಳ್ಳಲಾರೆ, ಇವತ್ತು ಹೊರಡುವ ಬೇರೊಂದು ವ್ಯಾನಿನವನಿಗೆ ಕೊಡುತ್ತಿದ್ದೇನೆ. ಮೂರು ಉಪಕಾರ ಬೇಡ. ನಿಜ ಬರೆ. ಎಷ್ಟು ದಿನದಿಂದ? ಡಾಕ್ಟರು ಏನೆಂದರು?

ವೆತುರಿಯಾ


ನುಚೆತ್
11 ಅಕ್ಟೋಬರ್ 1998

ವೆತ್ತಾ,

ನಿನ್ನ ಪತ್ರ ನಿನ್ನೆ ಬಂತು. ಆಗಷ್ಟೇ ಮೂವತ್ತಾರನೆಯ ಗಡಿಗೆ ಕೊಟ್ಟು ಬಂದು, ಗೀರು ಹಾಕಲು ಚಾಕು ತೆಗೆದಿದ್ದೆ. ಹಾಕಿದೆ. ಆಮೇಲೆ ಓದಿದೆ.

ನೀರು ನನಗೇ. ಊರವರಿಗೆ ಪಂತೆಲಿಗೆ ಎಂದು ಹೇಳಿದೆ. ಅವನಿಗೆ ಎರಡು ಸಲ ಯಾಕೆ ಎಂದು ಕೇಳಿದವರಿಗೆ, ಅವನು ಬದುಕಿದ್ದಾಗಲೂ ಒಂದು ಲೋಟಕ್ಕೆ ನಿಲ್ಲಿಸುತ್ತಿರಲಿಲ್ಲ ಎಂದೆ. ಎಲ್ಲರೂ ನಕ್ಕು ಕುಡಿದರು, ಮುಟ್ಟಲಿ ಎಂದರು. ಬದುಕಿದ್ದಾಗಲೇ ತಮ್ಮ ತಿಥಿಯ ಊಟ ತಾವೇ ಹಾಕಿಸುವವರು ನಮ್ಮ ಕಡೆ ಎಷ್ಟು ಜನರಿಲ್ಲ? ನನ್ನ ನೀರು ನಾನೇ ಹೊತ್ತರೆ ತಪ್ಪೇನು ಎಂದುಕೊಂಡೆ.

ಗಂಟು ಕಂಡದ್ದು ಫೆಬ್ರವರಿಯಲ್ಲಿ, ಎಡ ಎದೆಯಲ್ಲಿ, ಅಕ್ರೋಟಿನಷ್ಟು. ಜುಲೈಯಲ್ಲಿ ಡಾಕ್ಟರಮ್ಮ, "ಈಗ್ಲೇ ತೆಗೆಸಿದ್ರೆ ಉಳೀತೀರಿ, ಕ್ರಯೋವಾ ಆಸ್ಪತ್ರೆಗೆ ಬರ್ದು ಕೊಡ್ತೀನಿ" ಎಂದಳು. ಬೇಡ ಎಂದೆ. ಪಂತೆಲಿ ಮೂರು ತಿಂಗಳು ಮಲಗಿ ಮಲಗಿ ಸಣ್ಣಗಾದದ್ದನ್ನು ನೋಡಿದವಳು ನಾನು. ಅವನಿಗೆ ಎತ್ತಿ ಕೂರಿಸಲು ನಾನಿದ್ದೆ. ನನಗೆ ಯಾರಿದ್ದಾರೆ? ಲಂಗ ಹೊಲಿಸಿದೆ, ಮೇಣದಬತ್ತಿ ತಂದಿಟ್ಟೆ, ಹಸು ಮಾರಿದೆ, ನೀರು ಶುರು ಮಾಡಿದೆ. ಅಚ್ಚುಕಟ್ಟಾಗಿ ಹೋಗುವುದೆಂದು ಮನಸ್ಸು ಮಾಡಿಯಾಗಿತ್ತು. ಹೆದರಿಕೆಯೂ ಇರಲಿಲ್ಲ. ನಿಜ ಹೇಳುತ್ತೇನೆ, ಒಂದು ಚೂರೂ ಇರಲಿಲ್ಲ.

ಅದನ್ನು ಹಾಳು ಮಾಡಿದವಳು ನೀನು.

ಮೊದಮೊದಲು ನಿನ್ನ ಬಾಯಿ ಮುಚ್ಚಿಸಲು ಬರೆದೆ. ಆದರೆ ಮೂರನೆಯದಕ್ಕೆ ಯಾವಾಗಲೂ ಏನಾದರೂ ಹುಡುಕಬೇಕಾಗುತ್ತಿತ್ತು. ಹುಡುಕಬೇಕೆಂದರೆ ನೋಡಬೇಕು. ನೋಡಿ ನೋಡಿ ಇಲಾರಿಯೆಯ ಮೀಸೆಯ ಮೇಲಿನ ನೀರಿನ ಹನಿಯೂ ಬೇಕು ಅನ್ನಿಸತೊಡಗಿತು. ಬೀಚ್ ಮರ ಬೇಕು, ಎಲ್ವಿರಾಳ ಮುದ್ದೆ ಬೇಕು. ಹೋದ ವಾರ ಒರತೆಯ ಹತ್ತಿರ ಗಡಿಗೆ ಇಳಿಸಿ ಅತ್ತುಬಿಟ್ಟೆ ಕಣೇ. ನೋವಿಗಲ್ಲ. ಇದನ್ನೆಲ್ಲ ಬಿಟ್ಟು ಹೋಗಬೇಕಲ್ಲ ಎಂದು ಹೊಟ್ಟೆ ಉರಿಯಿತು. ಸಂತೋಷದ ದಾರಿ ಎಂದರಲ್ಲ ನಿನ್ನ ಅಮ್ಮಾವ್ರು, ಆ ದಾರಿಯ ನಡುವೆ ಇಂಥ ಹೆದರಿಕೆ ಕೂತಿರುತ್ತದೆ ಎಂದು ಯಾಕೆ ಹೇಳಲಿಲ್ಲ? ಈಗ ನನಗೆ ಸಾಯಲು ಭಯ. ಬದುಕಲೂ ಭಯ. ಕೋಲಿನ ಮಾತು ಯಾಕೆ ಬರೆದೆ ಎಂದು ಕೇಳಿದ್ದೀಯ. ಗೊತ್ತಿಲ್ಲ. ಕೈ ಬರೆಯಿತು.

ಇವತ್ತು ಒರತೆಗೆ ಹೋಗಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಆ ಮುದುಕಿಯದೇ ಚಿಂತೆ. ಅವರಿಗೆ ನೀರು ಹೊತ್ತವರು ಯಾರು? ಆ ದೇಶದಲ್ಲಿ ಪದ್ಧತಿಯೇ ಇಲ್ಲವೇನೋ. ನಾಲ್ಕು ತಿಂಗಳಿಂದ ಬಾಯಾರಿರಬೇಕು. ಅಂಗಳದಲ್ಲಿ ನಿಂತು ಜೋರಾಗಿಯೇ ಹೇಳಿದೆ: ಈ ಮೂವತ್ತಾರು ಗಡಿಗೆಯೂ ಒತ್ತಾವಿಯಾ ಟೀಚರಿಗೆ ಮುಟ್ಟಲಿ, ನನಗೆ ಸದ್ಯಕ್ಕೆ ಬೇಡ. ಸಾಫ್ತಾ ಬೇಲಿಯಾಚೆ ಹುಲ್ಲು ಕೆರೆಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಹುಚ್ಚು ಹಿಡಿಯಿತು ಎಂದುಕೊಂಡಿರುತ್ತಾಳೆ.

ಇಪ್ಪತ್ತಕ್ಕೆ ಕ್ರಯೋವಾದಲ್ಲಿ ಕೊಯ್ಯುತ್ತಾರೆ. ನಿನ್ನ ಪತ್ರ ಓದಿ ನಿನ್ನೆಯೇ ಪಟ್ಟಣಕ್ಕೆ ಹೋಗಿದ್ದೆ. ಡಾಕ್ಟರಮ್ಮ ಬೈದಳು, ಜುಲೈಯಲ್ಲೇ ಒಪ್ಪಿದ್ದರೆ ಸುಲಭವಿತ್ತು ಎಂದಳು. ನೀನು ಬರಬೇಡ. ನಿನ್ನ ವೀಸಾ ಮುಗಿದು ಮೂರು ವರ್ಷ. ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರೆ ಆಮೇಲೆ ಇಟಲಿಯ ಬಾಗಿಲು ಮುಚ್ಚಿದಂತೆಯೇ. ನಾನು ಹೇಗೋ ಹೋಗಿ ಬರುತ್ತೇನೆ.

ಅಕ್ಕ


ನುಚೆತ್
ಭಾನುವಾರ, 25 ಅಕ್ಟೋಬರ್ 1998

ಅಕ್ಕ,

ಕ್ರಯೋವಾಕ್ಕೆ ಹೊರಟ ಪಾದ್ರಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಬುಧವಾರ ನಿನ್ನ ಮಂಚದ ಪಕ್ಕ ಕೂತಿದ್ದಾಗ ನೀನು ಕಣ್ಣು ಬಿಟ್ಟು, "ಮುದ್ರೆ ಒತ್ತಿದ್ರಾ?" ಎಂದು ಕೇಳಿ ಮತ್ತೆ ನಿದ್ದೆ ಹೋದೆ. ಒತ್ತಿದರು. ಕೆಂಪು ಬಣ್ಣದ್ದು. ನಾನು ಬಂದ ದಿನದಿಂದ ಹತ್ತು ಸಲ ಕೇಳಿದ್ದೀಯ, ಇನ್ನು ಕೇಳಬೇಡ.

ಕೋಳಿಗಳು ಚೆನ್ನಾಗಿವೆ. ನನ್ನನ್ನು ಕಂಡರೂ ಅವಕ್ಕೆ ಬೇಸರವೇ.

ಸಿನ್ಯೋರಾಗೆ ಉಳಿದಿದ್ದ ಎಂಟು ಗಡಿಗೆಗಳನ್ನು ನಾನು ಹೊತ್ತು ಮುಗಿಸಿದೆ. ಅದರಲ್ಲಿ ನಾಲ್ಕನ್ನು ನೀನೇ ಬಾಗಿಲಲ್ಲಿ ನಿಂತು ನೋಡಿದ್ದೀಯ, ಸೊಂಟ ನೆಟ್ಟಗಿಡು ಎಂದು ಹಿಂದಿನಿಂದ ಕೂಗಿದ್ದೀಯ. ಈ ಸಲ ಎಲ್ಲೂ ಜಾರಲಿಲ್ಲ. ಇವತ್ತು ನಲವತ್ತನಾಲ್ಕನೆಯದು. ಸಾಫ್ತಾಳ ಮನೆ ನನಗಿರಲಿ, ನೀನು ಹೋಗಬೇಡ ಎಂದು ನೀನು ಹೇಳಿ ಹೋಗಿದ್ದೆ, ಆದರೂ ನಾನು ಹೋದೆ.

ಅವಳು ಬಾಗಿಲು ತೆಗೆದಳು. ನನ್ನ ತಲೆಯ ಮೇಲೆ ಕಪ್ಪು ವಸ್ತ್ರ, ಕೈಯಲ್ಲಿ ನಿನ್ನ ಗಡಿಗೆ. ನೋಡಿದವಳೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹೋಗ್ಬಿಟ್ಲಾ?" ಎಂದಳು.

"ಯಾರು?"

"ಯಾರು ಅಂತ ಕೇಳ್ತೀಯಲ್ಲೇ! ನಿಮ್ಮಕ್ಕ! ಆ ಹಟಮಾರಿ! ತಗೊಂಡು ಹೋಗು ಆ ನೀರ್ನ, ನಾನು ಕುಡಿಯಲ್ಲ, ನಾನು ಮುಟ್ಟಲಿ ಅನ್ನಲ್ಲ. ಹನ್ನೊಂದು ವರ್ಷ ಒಂದು ಮಾತು ಆಡ್ದೆ ಹಿಂಗೆ ಹೋಗ್ಬಿಡೋದಾ?" ಎಂದು ಹೊಸ್ತಿಲ ಮೇಲೆಯೇ ಕೂತು ಅಳತೊಡಗಿದಳು. ಅವಳ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಹಳ ಮುದುಕಿಯಾಗಿದ್ದಾಳೆ.

"ಬದುಕಿದ್ದಾಳೆ ಸಾಫ್ತಕ್ಕ. ಆಪರೇಷನ್ ಆಗಿದೆ. ನಿನ್ನೆ ಸೂಪು ಕುಡಿದ್ಲಂತೆ. ಈ ನೀರು ಇಟಲಿಯ ಟೀಚರಮ್ಮನಿಗೆ."

ಅವಳು ಅಳು ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು. "ಮೊದ್ಲೇ ಬಾಯಿ ಬಿಡೋಕೇನು ಧಾಡಿ ನಿಂಗೆ? ಅಕ್ಕ ತಂಗಿ ಇಬ್ರೂ ಒಂದೇ ಅಚ್ಚು" ಎಂದು ಬೈದು ಗಡಿಗೆ ಕಿತ್ತುಕೊಂಡಳು. ಒಂದು ಗುಟುಕು ಕುಡಿದು, "ಆ ಟೀಚರಮ್ಮನಿಗೆ ಮುಟ್ಟಲಿ" ಎಂದಳು. ಗಡಿಗೆಯನ್ನು ಕೆಳಗಿಡಲಿಲ್ಲ. ಮತ್ತೊಂದು ಗುಟುಕು ಕುಡಿದಳು. "ಇದು ದೋಮ್ನಿಕಾಂದು. ಅವಳ ಹೊಟ್ಟೆ ತಣ್ಣಗಿರ್ಲಿ" ಎಂದಳು. ಬದುಕಿರುವವರಿಗೆ ಹೇಳುವ ಮಾತು ಅಕ್ಕ. ಈ ನಲವತ್ತನಾಲ್ಕು ದಿನದಲ್ಲಿ ಈ ನೀರು ಕುಡಿದವರು ಯಾರೂ ಆಡದ ಮಾತು.

ಗಡಿಗೆ ವಾಪಸು ಕೇಳಿದೆ. ಕೊಡಲಿಲ್ಲ. "ಅವಳದು ತಾನೇ? ಅವಳೇ ಬಂದು ಕೇಳ್ಲಿ. ಬಾಯಿ ಬಿಟ್ಟು ಕೇಳ್ಲಿ. ಅಲ್ಲೀವರ್ಗೂ ನನ್ನ ಒಲೆ ಮೇಲಿನ ಹಲಗೇಲಿರುತ್ತೆ" ಎಂದು ಬಾಗಿಲು ಹಾಕಿಕೊಂಡಳು.

ಸಂಜೆ ಹೊಳೆಗೆ ಹೋಗಿ ಸೋರೆಬುರುಡೆಯಲ್ಲಿ ದೀಪ ಹಚ್ಚಿ ಕೋಲನ್ನೂ ನೀರಿಗೆ ಬಿಟ್ಟೆ. ಸಿನ್ಯೋರಾ ಅವರ ಹೆಸರನ್ನು ಎರಡು ಸಲ ಹೇಳಿದೆ, ಹೊಳೆಗೆ ಇಟಲಿಯ ಹೆಸರು ರೂಢಿಯಿಲ್ಲವಲ್ಲ.

ಮೂರು ಉಪಕಾರ ನಾನು ಇವತ್ತು ಬರೆಯುವುದಿಲ್ಲ. ನೀನು ಮನೆಗೆ ಬಾ.

ವೆತ್ತಾ


ಕ್ರಯೋವಾ
29 ಅಕ್ಟೋಬರ್ 1998

ವೆತ್ತಾ,

ಕಂಕುಳಿನಲ್ಲೂ ಇತ್ತಂತೆ. ತೆಗೆದಿದ್ದಾರೆ. ಎಲ್ಲ ಬಂತೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಔಷಧಿ ಹನಿಹನಿಯಾಗಿ ರಕ್ತಕ್ಕೆ ಬಿಡುತ್ತಾರಂತೆ, ಆರು ತಿಂಗಳು. ಕೂದಲು ಉದುರುತ್ತದಂತೆ. ನನಗೆ ತುಂಬ ಹೆದರಿಕೆಯಾಗುತ್ತಿದೆ, ಬ್ಯಾಂಡೇಜಿನ ಕಡೆ ಇನ್ನೂ ನೋಡಿಲ್ಲ.

ಒಂದು, ಹೆದರಿಕೆಯಾಗುತ್ತಿದೆ ಎಂದು ಇವತ್ತು ನಿನಗೆ ಬರೆಯಬಹುದು. ಎರಡು, ಪಕ್ಕದ ಮಂಚದವಳು ತನ್ನ ಸೇಬನ್ನು ಸುಲಿದು ನನಗೂ ಅರ್ಧ ಕೊಟ್ಟಳು.

ಮೂರನೆಯದು ಉಪಕಾರವಲ್ಲ, ಜಗಳ. ಸಾಫ್ತಾಳಿಗೆ ಹೋಗಿ ಹೇಳು: ಆ ಗಡಿಗೆ ನಮ್ಮಮ್ಮನದು, ಬಾಯಿಯ ಹತ್ತಿರ ಸಣ್ಣ ಸೀಳಿದೆ, ಒಲೆಯ ಮೇಲಿನ ಹಲಗೆಯಲ್ಲಿಟ್ಟರೆ ಬಿಸಿಗೆ ಒಡೆಯುತ್ತದೆ. ಕಿಟಕಿಯ ಪಕ್ಕ ಇಟ್ಟುಕೊಂಡಿರಲಿ. ನಾನು ಬಂದು ಕೇಳುತ್ತೇನೆ.

ದೋಮ್ನಿಕಾ